ಟ್ಯಾಬ್ ಕೊಳ್ಳುವ ಮೊದಲು ಜೆರಾಕ್ಸ್ ಅಂಗಡಿಗೆ ಹೋಗಿ ಬನ್ನಿ

2020ರಲ್ಲಿ ಮಗಳಿಗೆ ಆನ್‌ಲೈನ್ ಕ್ಲಾಸ್ ಶುರುವಾದಾಗ ಗಡಿಬಿಡಿಯಲ್ಲಿ ಒಂದು ಟ್ಯಾಬ್ ತರಿಸಿದೆ. 10.1 ಇಂಚಿನ ಪರದೆ, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. ಬೆಲೆ 9 ಸಾವಿರದ ಹತ್ತಿರ. ಇಷ್ಟು ದುಡ್ಡಿಗೆ ಇಷ್ಟು ದೊಡ್ಡ ಪರದೆ ಸಿಕ್ಕಿತಲ್ಲ ಅಂತ ಖುಷಿಯೋ ಖುಷಿ. ಮೂರನೇ ವಾರ ಟೀಚರ್ ಕಳಿಸಿದ ಸಮಾಜ ವಿಜ್ಞಾನದ ನೋಟ್ಸ್ ತೆರೆದವಳು, ‘ಅಮ್ಮಾ, ಇದು ರಾಷ್ಟ್ರ ಅಂತನಾ?’ ಎಂದು ಕೇಳಿದಳು. ಬಗ್ಗಿ ನೋಡಿದೆ. ಷ ಕೆಳಗಿನ ಎರಡು ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಇರುವೆ ಸತ್ತು ಬಿದ್ದ ಹಾಗೆ ಕಾಣುತ್ತಿದ್ದವು. ವರ್ಷ ತುಂಬುವುದರೊಳಗೆ ಜಾಗ ಸಾಲದೆ ಆ್ಯಪ್‌ಗಳು ಅಪ್‌ಡೇಟ್ ಆಗುವುದೂ ನಿಂತಿತು. ಆ ಟ್ಯಾಬ್ ಈಗಲೂ ಇದೆ. ಅಡುಗೆಮನೆಯಲ್ಲಿ, ಇಡ್ಲಿಗೆ ಟೈಮರ್ ಇಡುವುದಕ್ಕೆ.

ಆಮೇಲೆ ಅಪ್ಪನಿಗೆ ಒಂದು, ಮಗಳಿಗೆ ಇನ್ನೊಂದು, ತಮ್ಮನ ಅಂಗಡಿಗೆ ಒಂದು ಅಂತ ಟ್ಯಾಬ್ ಕೊಂಡಿದ್ದೇವೆ. ಈಗ ನೆಂಟರಲ್ಲಿ ಯಾರಾದರೂ ‘ಯಾವ ಟ್ಯಾಬ್ ಒಳ್ಳೇದು?’ ಅಂತ ಫೋನ್ ಮಾಡಿದರೆ ನಾನು ಹೇಳುವುದು ಒಂದೇ: ಮೊದಲು ಅದರ ಮೇಲೆ ಏನನ್ನು ಓದುತ್ತೀರೋ ಆ ಪುಟವನ್ನು ಕೈಗೆ ತಗೊಳ್ಳಿ. ರ‍್ಯಾಮ್, ಪ್ರೊಸೆಸರ್ ಎಲ್ಲ ಆಮೇಲೆ.

ಎರಡು ರೂಪಾಯಿಯ ಪರೀಕ್ಷೆ

ಟ್ಯಾಬಿನ ಇಂಚನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. ನಮಗೆ ಓದಲು ಬೇಕಾಗುವುದು ಅಗಲ. ಅದನ್ನು ಯಾವ ಡಬ್ಬದ ಮೇಲೂ ಬರೆದಿರುವುದಿಲ್ಲ.

ಹಾಗಾಗಿ ಹೀಗೆ ಮಾಡಿ. ಓದಬೇಕಾದ ನೋಟ್ಸಿನದ್ದೋ ಪ್ರಶ್ನೆಪತ್ರಿಕೆಯದ್ದೋ ಒಂದು ಎ4 ಪುಟ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗಿ. ‘ಇದನ್ನು 54 ಪರ್ಸೆಂಟಿಗೆ ಒಂದು, 70 ಪರ್ಸೆಂಟಿಗೆ ಒಂದು ಕಾಪಿ ತೆಗೆದುಕೊಡಿ’ ಅನ್ನಿ. 54ರದ್ದು 8.7 ಇಂಚಿನ ಸಣ್ಣ ಟ್ಯಾಬಿನಲ್ಲಿ ಆ ಪುಟ ಕಾಣುವ ಅಳತೆ. 70ರದ್ದು 11 ಇಂಚಿನ ಉದ್ದನೆಯ ಆಂಡ್ರಾಯ್ಡ್ ಟ್ಯಾಬಿನಲ್ಲಿ ಕಾಣುವ ಅಳತೆ. ಅಂದರೆ 11 ಇಂಚಿನ ಟ್ಯಾಬನ್ನು ಉದ್ದಕ್ಕೆ ಹಿಡಿದರೆ ಎ4 ಹಾಳೆ ಸರಿಯಾಗಿ ಎ5 ಆಗುತ್ತದೆ. ಐಪ್ಯಾಡ್ ಸ್ವಲ್ಪ ಚೌಕ ಆಕಾರದ್ದು, ಅಗಲ ಜಾಸ್ತಿ. ಅದರಲ್ಲಿ 75 ಪರ್ಸೆಂಟ್ ಬರುತ್ತದೆ. 13 ಇಂಚಿನ ಐಪ್ಯಾಡ್‌ನಲ್ಲಿ ಅಗಲಕ್ಕೆ ಹೊಂದಿಸಿದರೆ 94, ಅಂದರೆ ಹೆಚ್ಚುಕಮ್ಮಿ ಕಾಗದದಷ್ಟೇ. ಆದರೆ ಅದರ ಬೆಲೆಗೆ ಒಂದು ಒಳ್ಳೆ ಲ್ಯಾಪ್‌ಟಾಪೇ ಬರುತ್ತದೆ.

ಎರಡೂ ಕಾಪಿ ಮನೆಗೆ ತನ್ನಿ. ಯಾರಿಗೆ ಟ್ಯಾಬ್ ಬೇಕೋ ಅವರ ಕೈಗೆ ಕೊಡಿ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಹತ್ತು ನಿಮಿಷ ಓದಲಿ. ಕಾಗದ ಹತ್ತಿರ ತರದೆ, ಕಣ್ಣು ಕಿರಿದು ಮಾಡದೆ ಓದಿದರೆ ಆ ಅಳತೆ ಸಾಕು. ನಮ್ಮ ಮನೆಯಲ್ಲಿ 54ರ ಕಾಪಿಯನ್ನು ಮಗಳು ಆರಾಮಾಗಿ ಓದಿದಳು. ಅಪ್ಪ ಒಂದೇ ಸಾಲಿಗೆ ಕೆಳಗಿಟ್ಟು ‘ಇದು ಇಲಿ ಓದೋಕಾ?’ ಅಂದರು.

ಹಿಗ್ಗಿಸಿ ಓದಬಹುದಲ್ಲ ಅನ್ನುತ್ತೀರಿ. ಓದಬಹುದು. ಆದರೆ ಪ್ರತಿ ಸಾಲಿಗೂ ಪುಟವನ್ನು ಎಡಕ್ಕೆ ಬಲಕ್ಕೆ ಎಳೆಯುತ್ತಾ ಒಂದು ಪಾಠ ಮುಗಿಸಿ ನೋಡಿ, ಆಮೇಲೆ ಹೇಳಿ. ಅದಕ್ಕಿಂತ 11 ಇಂಚಿನ ಟ್ಯಾಬನ್ನು ಅಡ್ಡ ಹಿಡಿಯುವುದು ಒಳ್ಳೆಯದು. ಆಗ ಅಕ್ಷರ ಕಾಗದಕ್ಕಿಂತಲೂ ತುಸು ದೊಡ್ಡದಾಗುತ್ತದೆ. ಒಂದು ಸಲಕ್ಕೆ ಅರ್ಧ ಪುಟಕ್ಕಿಂತ ಸ್ವಲ್ಪ ಕಡಿಮೆ ಕಾಣುತ್ತದೆ, ಮೇಲೆ ಕೆಳಗೆ ಮಾತ್ರ ಸರಿಸಿದರೆ ಆಯಿತು.

ಒತ್ತಕ್ಷರ ಹೇಳುವ ಸತ್ಯ

ಅಳತೆ ಆಯಿತು. ಎರಡನೆಯದು ಪರದೆಯ ಸ್ಪಷ್ಟತೆ. ಇಂಗ್ಲಿಷ್ ಅಕ್ಷರ ಒಂದು ಸಾಲಿನಲ್ಲಿ ಕೂತುಬಿಡುತ್ತದೆ. ನಮ್ಮದು ಹಾಗಲ್ಲ. ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೂ ಒತ್ತು. ಅಷ್ಟೇ ಎತ್ತರದಲ್ಲಿ ನಾಲ್ಕು ಅಂತಸ್ತು ಕಟ್ಟಬೇಕು. ಪಿಕ್ಸೆಲ್, ಅಂದರೆ ಪರದೆಯ ಚುಕ್ಕಿಗಳು, ಕಡಿಮೆ ಇದ್ದರೆ ಕೆಳಗಿನ ಅಂತಸ್ತು ಕುಸಿಯುತ್ತದೆ.

ಡಬ್ಬದ ಮೇಲೆ 1280×800 ಅಂತ ಇದ್ದು ಪರದೆ 10 ಇಂಚಿನದ್ದಾದರೆ ಇಂಚಿಗೆ 150 ಪಿಕ್ಸೆಲ್. ನಾನು ಮೋಸಹೋದ ಟ್ಯಾಬ್ ಇದೇ. ಇದು ಬೇಡ. 11 ಇಂಚಿಗೆ 1920×1200 ಇದ್ದರೆ ಇಂಚಿಗೆ 200ರ ಮೇಲೆ, ಓದಲು ಸಾಕು. ಐಪ್ಯಾಡ್‌ನಲ್ಲಿ 264. ಈಗ 15 ಸಾವಿರದ ಆಸುಪಾಸಿನ ಕೆಲವು ಆಂಡ್ರಾಯ್ಡ್ ಟ್ಯಾಬ್‌ಗಳಲ್ಲೂ 2560×1600 ಸಿಗುತ್ತದೆ, ಅದು 270 ದಾಟುತ್ತದೆ. ರೆಡ್‌ಮಿ ಪ್ಯಾಡ್ 2 ಅಂಥದ್ದು.

ಅಂಗಡಿಗೆ ಹೋದಾಗ ಅಲ್ಲಿ ಓಡುತ್ತಿರುವ ಡೆಮೊ ವಿಡಿಯೊ ನೋಡಬೇಡಿ. ಹೂವು, ಗಿಳಿ, ಜಲಪಾತ ಯಾವ ಪರದೆಯಲ್ಲೂ ಚಂದವೇ. ನಿಮ್ಮ ಫೋನಿನಿಂದ ಒಂದು ಕನ್ನಡ ಪಿಡಿಎಫ್ ಕಳಿಸಿ ತೆರೆಸಿ. ‘ರಾಷ್ಟ್ರ’, ‘ಸಾಮರ್ಥ್ಯ’, ‘ಲಕ್ಷ್ಮಿ’ ಹುಡುಕಿ. ಒತ್ತುಗಳ ನಡುವೆ ಬಿಳಿ ಕಂಡರೆ ಪಾಸ್. ಪಿಡಿಎಫ್ ಇಲ್ಲ ಅಂದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಶಾಲೆಯ ಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಯಾವುದಾದರೂ ಒಂದನ್ನು ಇಳಿಸಿಕೊಂಡು ಹೋಗಿ. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಪುಸ್ತಕದ ಸ್ಕ್ಯಾನ್ ಇನ್ನೂ ಕಷ್ಟದ ಪರೀಕ್ಷೆ. ಹಳದಿ ಹಾಳೆ, ಸವೆದ ಅಚ್ಚು. ಹಳೆ ಕನ್ನಡ ಪುಸ್ತಕಗಳ ಹುಚ್ಚಿದ್ದವರು ಅದನ್ನೇ ತೆರೆದು ನೋಡಿ. ಅವರಿಗೆ 11 ಇಂಚಿಗಿಂತ ಕಡಿಮೆ ಆಗುವುದೇ ಇಲ್ಲ.

120 ಹರ್ಟ್ಸ್ ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು ಪುಟ ಸರಿಸುವಾಗ ನುಣುಪಾಗಿ ಕಾಣಲಿಕ್ಕೆ. ಇದ್ದರೆ ಚೆನ್ನ, ಇಲ್ಲದಿದ್ದರೆ ಅಳಬೇಕಾಗಿಲ್ಲ.

ಒಳಗಿನ ಸರಕು

ರ‍್ಯಾಮ್ 4 ಜಿಬಿ ಇದ್ದರೆ ವಿಡಿಯೊ ನೋಡಲು, ಓದಲು ನಡೆಯುತ್ತದೆ. 6 ಇದ್ದರೆ ನಿಶ್ಚಿಂತೆ. ಒಂದು ಕಡೆ ಪಾಠ, ಒಂದು ಕಡೆ ನೋಟ್ಸ್ ಇಟ್ಟುಕೊಂಡು ಓದುವವರಿಗೆ 8. ‘4+4 ಜಿಬಿ’ ಅಂತ ಬರೆದಿದ್ದರೆ ಅದು ಎಂಟಲ್ಲ, ನಾಲ್ಕೇ. ಇನ್ನೊಂದು ನಾಲ್ಕನ್ನು ಸ್ಟೋರೇಜಿನಿಂದ ಸಾಲ ತಂದಿರುತ್ತಾರೆ. ಆ ಜಾಗ ನಿಜವಾದ ರ‍್ಯಾಮಿನಷ್ಟು ಚುರುಕಲ್ಲ.

ಸ್ಟೋರೇಜ್ 128 ಜಿಬಿ ತಗೊಳ್ಳಿ. 64ರಲ್ಲಿ ದೊಡ್ಡ ಪಾಲನ್ನು ಟ್ಯಾಬಿನ ತಂತ್ರಾಂಶವೇ ನುಂಗಿರುತ್ತದೆ. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಬಹಳಷ್ಟಕ್ಕೆ ಮೆಮೊರಿ ಕಾರ್ಡ್ ಹಾಕಬಹುದು, ಐಪ್ಯಾಡ್‌ಗೆ ಆಗುವುದಿಲ್ಲ. ಇನ್ನೊಂದು ಗುಟ್ಟು: ಸ್ಟೋರೇಜಿನಲ್ಲಿ ಇಎಂಎಂಸಿ, ಯುಎಫ್‌ಎಸ್ ಅಂತ ಎರಡು ಜಾತಿ. ಯುಎಫ್‌ಎಸ್ ಬೇಗ ಕೆಲಸ ಮಾಡುತ್ತದೆ. ಒಂದೇ ಬೆಲೆಯ ಎರಡು ಟ್ಯಾಬ್ ನಡುವೆ ತೂಗುಯ್ಯಾಲೆ ಆಗುತ್ತಿದ್ದರೆ ಯುಎಫ್‌ಎಸ್ ಇರುವುದನ್ನು ಎತ್ತಿಕೊಳ್ಳಿ.

ಸಿನಿಮಾ ನೋಡುವವರು ಕೇಳಲೇಬೇಕಾದ ಪ್ರಶ್ನೆ: ವೈಡ್‌ವೈನ್ ಎಲ್1 ಇದೆಯಾ? ಇದು ಸಿನಿಮಾ ಕಳ್ಳಕಾಪಿ ಆಗದಂತೆ ಹಾಕುವ ಬೀಗ, ಎಲ್1, ಎಲ್3 ಅದರ ಮಟ್ಟಗಳು. ಆಂಡ್ರಾಯ್ಡ್ ಟ್ಯಾಬಿನಲ್ಲಿ ಅದು ಎಲ್3 ಆಗಿದ್ದರೆ ನೆಟ್‌ಫ್ಲಿಕ್ಸ್, ಪ್ರೈಮ್‌ನಂಥ ಆ್ಯಪ್‌ಗಳು 480ರ ಮಸುಕು ಚಿತ್ರವನ್ನೇ ಕೊಡುತ್ತವೆ. ಪರದೆ ಎಷ್ಟೇ ಚೆನ್ನಾಗಿರಲಿ, ನೀವು ಎಷ್ಟೇ ದೊಡ್ಡ ಪ್ಲಾನ್ ಹಾಕಿಸಿರಿ. ಯೂಟ್ಯೂಬಿಗೆ ಈ ತೊಂದರೆ ಇಲ್ಲ. ‘ಡಿಆರ್‌ಎಂ ಇನ್ಫೋ’ ಎಂಬ ಪುಕ್ಕಟೆ ಆ್ಯಪ್ ಹಾಕಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಸಿಮ್ ಬೇಕಾ?

ಊರಲ್ಲಿ ಎಲ್ಲರೂ ‘ಬೇಡ, ವೈಫೈ ಸಾಕು’ ಅನ್ನುತ್ತಾರೆ. ನಾವಿರುವುದು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಅದರ ಜೊತೆ ರೌಟರೂ ಹೋಗುತ್ತದೆ, ವೈಫೈಯೂ ಹೋಗುತ್ತದೆ. ಆಗ ಫೋನಿನ ಹಾಟ್‌ಸ್ಪಾಟ್ ಹಾಕಿಕೊಳ್ಳಬಹುದು. ಮನೆಯಲ್ಲಿ ಯಾರದ್ದಾದರೂ ಫೋನ್ ಸದಾ ಇರುತ್ತದೆ ಅನ್ನುವುದಾದರೆ ಸಿಮ್ ಇಲ್ಲದ್ದೇ ಸಾಕು. ಒಬ್ಬರೇ ಇರುವ ಹಿರಿಯರಿಗೆ, ಅಂಗಡಿಗೆ, ತಿರುಗಾಟದ ಕೆಲಸದವರಿಗೆ ಸಿಮ್ ಹಾಕುವ ಮಾದರಿ ಒಳ್ಳೆಯದು.

ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಹೆಚ್ಚಿಗೆ ಬೀಳುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ಸಾವಿರ. ಐಪ್ಯಾಡ್‌ನಲ್ಲಿ (ದುಬಾರಿ ಪ್ರೊ ಮಾದರಿ ಬಿಟ್ಟು) ಈ ವ್ಯತ್ಯಾಸ 15 ಸಾವಿರ. ಹೌದು, 15. ಅಷ್ಟು ಕೊಟ್ಟರೂ ಅದರಿಂದ ಮಾಮೂಲಿ ಫೋನ್ ಕರೆ ಮಾಡಲು ಬರುವುದಿಲ್ಲ, ಇಂಟರ್ನೆಟ್ ಮಾತ್ರ. ವೈಫೈ ಐಪ್ಯಾಡಿನಲ್ಲಿ ಜಿಪಿಎಸ್ ಇಲ್ಲ ಎನ್ನುವುದನ್ನೂ ನೆನಪಿಡಿ. ಕಾರಿನಲ್ಲಿ ಮ್ಯಾಪ್ ನೋಡಲು ಅಂತ ಕೊಂಡವರು ಆಮೇಲೆ ಪೇಚಾಡುತ್ತಾರೆ.

ಪೆನ್ನಿನ ಲೆಕ್ಕ

ನೋಟ್ಸ್ ಬರೆಯುವವರಿಗೆ, ಚಿತ್ರ ಬಿಡಿಸುವವರಿಗೆ ಪೆನ್ನೇ ಮುಖ್ಯ. ರಬ್ಬರ್ ತುದಿಯ 300 ರೂಪಾಯಿಯ ಪೆನ್ ಸಿಗುತ್ತದಲ್ಲ, ಅದು ಬೆರಳಿನ ಬದಲಿಗೆ ಅಷ್ಟೇ. ಅಂಗೈ ಪರದೆಗೆ ತಾಗಿದರೆ ಅಲ್ಲೂ ಗೀಟು ಬೀಳುತ್ತದೆ.

ಸ್ಯಾಮ್‌ಸಂಗ್‌ನ ಎಸ್ ಸರಣಿಯ ಟ್ಯಾಬ್‌ಗಳಲ್ಲಿ ಎಸ್ ಪೆನ್ ಡಬ್ಬದಲ್ಲೇ ಬರುತ್ತದೆ. ಬರೆಯಲು ಅದಕ್ಕೆ ಚಾರ್ಜ್ ಬೇಕಿಲ್ಲ. ಒತ್ತಿ ಬರೆದರೆ ದಪ್ಪ, ಹಗುರವಾಗಿ ಬರೆದರೆ ತೆಳು. ಐಪ್ಯಾಡ್‌ಗೆ ಪೆನ್ಸಿಲ್ ಬೇರೆ ಕೊಳ್ಳಬೇಕು. ಯುಎಸ್‌ಬಿ-ಸಿ ಪೆನ್ಸಿಲ್ 7,900 ರೂಪಾಯಿ, ಆದರೆ ಅದಕ್ಕೆ ಒತ್ತಡ ಗೊತ್ತಾಗುವುದಿಲ್ಲ. ನೋಟ್ಸ್ ಬರೆಯಲು ಧಾರಾಳ ಸಾಕು, ಚಿತ್ರ ಬಿಡಿಸುವವರಿಗೆ ಸಪ್ಪೆ. 2025ರ ಮಾರ್ಚ್‌ನಲ್ಲಿ ಬಂದ ಎ16 ಚಿಪ್ಪಿನ ಐಪ್ಯಾಡ್ ಬಿಡುಗಡೆಯಾದಾಗ ಅದರ ಬೆಲೆ 34,900 ಇತ್ತು. ಪೆನ್ಸಿಲ್ ಸೇರಿದರೆ 42,800. ಕವರ್ ಇನ್ನೂ ಬಂದಿಲ್ಲ, ನೋಡಿ. ಟ್ಯಾಬಿನ ಬೆಲೆಯನ್ನು ಯಾವತ್ತೂ ಪೆನ್, ಕವರ್, ಬೇಕಾದರೆ ಕೀಬೋರ್ಡ್ ಸೇರಿಸಿಯೇ ಹೋಲಿಸಿ.

ಪೆನ್ ಪರೀಕ್ಷೆ ಮಾಡುವ ದಾರಿ ಇದು. ಅಂಗಡಿಯಲ್ಲಿ ನೋಟ್ಸ್ ಆ್ಯಪ್ ತೆರೆಸಿ, ಸಣ್ಣ ಸ್ಕೇಲ್ ಇಟ್ಟು ಓರೆಯಾಗಿ ಒಂದು ಗೆರೆಯನ್ನು ಬಹಳ ನಿಧಾನಕ್ಕೆ ಎಳೆಯಿರಿ. ಸಾಧಾರಣ ಪೆನ್ ಆದರೆ ಗೆರೆ ಹಾವಿನ ಹಾಗೆ ಅಲೆಯಾಗುತ್ತದೆ. ಬೇಗ ಎಳೆದರೆ ಈ ದೋಷ ಕಾಣುವುದಿಲ್ಲ. ಅಂಗಡಿಯವರು ತೋರಿಸುವಾಗ ಯಾವಾಗಲೂ ಬೇಗ ಬೇಗ ಗೀಚುತ್ತಾರೆ! ಆಮೇಲೆ ಅಂಗೈ ಊರಿ ‘ಜ್ಞಾನ’ ಅಂತ ಬರೆಯಿರಿ. ನನ್ನ ಮಗಳು ಇದನ್ನೆಲ್ಲ ಬಿಟ್ಟು ಒಂದು ಚುಕ್ಕಿ ರಂಗೋಲಿ ಬಿಡಿಸಿದಳು. ಅದು ಎಲ್ಲಕ್ಕಿಂತ ಒಳ್ಳೆ ಪರೀಕ್ಷೆಯಾಯಿತು. ಎಳೆ ಹೋಗಿ ಶುರುವಾದ ಕಡೆಗೇ ಸೇರಬೇಕಲ್ಲ, ಅರ್ಧ ಮಿಲಿಮೀಟರ್ ತಪ್ಪಿದರೂ ಗೊತ್ತಾಗಿಬಿಡುತ್ತದೆ.

ಯಾರಿಗೆ ಯಾವುದು

*ಅಜ್ಜ, ಅಜ್ಜಿಗೆ.* ಭಾರ ನೋಡಿ. 8.7 ಇಂಚಿನವು 330 ಗ್ರಾಂ ಹತ್ತಿರ, 11 ಇಂಚಿನವು ಅರ್ಧ ಕಿಲೋ. ಮಲಗಿ ನೋಡುವವರ ಮೂಗಿನ ಮೇಲೆ ಅರ್ಧ ಕಿಲೋ ಬಿದ್ದರೆ ನೋವಾಗುತ್ತದೆ, ಅಪ್ಪನನ್ನು ಕೇಳಿ. ಮೇಜಿನ ಮೇಲೆ ನಿಲ್ಲಿಸಿ ಭಜನೆ, ಯಕ್ಷಗಾನ ನೋಡುವವರಿಗೆ 11 ಇಂಚು ಮತ್ತು ನಿಲ್ಲುವ ಕವರ್. ಸ್ಪೀಕರ್ ಎರಡೂ ಬದಿಯಲ್ಲಿರಲಿ. ಟೈಪ್ ಮಾಡಲು ಆಗದವರಿಗೆ ಗೂಗಲ್ ಕೀಬೋರ್ಡ್ ಆ್ಯಪ್ ಆದ ಜಿಬೋರ್ಡ್‌ನಲ್ಲಿ ಕನ್ನಡದಲ್ಲಿ ಮಾತಾಡಿ ಬರೆಸಬಹುದು, ಬೆರಳಿನಲ್ಲಿ ಅಕ್ಷರ ತಿದ್ದಿಯೂ ಬರೆಯಬಹುದು. ಅಪ್ಪ ಈಗ ವಾಟ್ಸಾಪಿನಲ್ಲಿ ನಮಗೆಲ್ಲ ಬೆರಳಲ್ಲೇ ಕಾಗದ ಬರೆಯುತ್ತಾರೆ. 10ರಿಂದ 18 ಸಾವಿರದೊಳಗೆ ಆಗಿಹೋಗುತ್ತದೆ.

*ಪಿಯುಸಿ, ನೀಟ್, ಸಿಇಟಿ ಓದುವವರಿಗೆ.* 11 ಇಂಚು, 8 ಜಿಬಿ, ಒಳ್ಳೆ ಪೆನ್. 15ರಿಂದ 30 ಸಾವಿರ. ಲೆನೊವೊದ ಕೆಲವು ಮಾದರಿಗಳಲ್ಲಿ ಪೆನ್ ಡಬ್ಬದಲ್ಲೇ ಇರುತ್ತದೆ. 2025ರ ಜನವರಿಯಲ್ಲಿ 27,999ಕ್ಕೆ ಬಂದ ಶಓಮಿ ಪ್ಯಾಡ್ 7 ಓದಲು ಹದವಾಗಿದೆ, ಪೆನ್ ಬೇರೆ ಕೊಳ್ಳಬೇಕು. ನಾಲ್ಕೈದು ವರ್ಷ, ಡಿಗ್ರಿ ಮುಗಿಯುವವರೆಗೂ ಬೇಕು ಅನ್ನುವವರು ಸ್ವಲ್ಪ ಹಿಗ್ಗಿಸಿ ಐಪ್ಯಾಡ್ ಅಥವಾ ಸ್ಯಾಮ್‌ಸಂಗ್ ಎಸ್ ಸರಣಿಯ ಕಡಿಮೆ ಬೆಲೆಯ ಮಾದರಿಗೆ ಹೋಗಬಹುದು.

*ಚಿಕ್ಕ ಮಕ್ಕಳಿಗೆ.* ದುಬಾರಿಯದ್ದು ಬೇಡವೇ ಬೇಡ. ದಪ್ಪ ರಬ್ಬರ್ ಕವರಿಗೆ ದುಡ್ಡು ಹಾಕಿ. ಬಹಳಷ್ಟು ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಖಾತೆ ಮಾಡಬಹುದು. ಮಗುವಿನ ಖಾತೆಯಲ್ಲಿ ನಿಮ್ಮ ಬ್ಯಾಂಕ್ ಆ್ಯಪ್ ಇರುವುದಿಲ್ಲ. ಐಪ್ಯಾಡ್‌ನಲ್ಲಿ ಮನೆಬಳಕೆಗೆ ಆ ಸೌಕರ್ಯ ಇಲ್ಲ.

*ಅಂಗಡಿಗೆ.* ಬಿಲ್ಲಿಂಗ್ ಆ್ಯಪ್ ಮತ್ತು ಬ್ಲೂಟೂತ್ ಪ್ರಿಂಟರ್ ಮೊದಲು ಗೊತ್ತುಮಾಡಿ, ಅದಕ್ಕೆ ಹೊಂದುವ ಟ್ಯಾಬ್ ಆಮೇಲೆ.

*ಡಿಟಿಪಿ, ಕಚೇರಿ ಕೆಲಸಕ್ಕೆ.* ಇಲ್ಲಿ ಸ್ವಲ್ಪ ನಿಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಕಡತಗಳು ಟ್ಯಾಬಿನಲ್ಲಿ ತೆರೆದರೆ ಕನ್ನಡ ಬರುವುದಿಲ್ಲ, ಎಂಥದೋ ಚಿಹ್ನೆಗಳ ರಾಶಿ ಬರುತ್ತದೆ. ಆ ಫಾಂಟ್ ಇಲ್ಲದ ಕಡೆ ಹಾಗೇ. ಎಲ್ಲ ಸಾಧನಗಳಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರದಲ್ಲಿ ಇದ್ದರೆ ಮಾತ್ರ ಚಿಂತೆಯಿಲ್ಲ. ನಿಮ್ಮ ದಿನದ ಕೆಲಸ ನುಡಿ, ಪೇಜ್‌ಮೇಕರ್, ಟ್ಯಾಲಿ ಅಂತಿದ್ದರೆ ಕೀಬೋರ್ಡ್ ಸೇರಿಸಿ 50 ಸಾವಿರದ ಟ್ಯಾಬ್ ಕೊಳ್ಳುವ ಬದಲು ಅದೇ ದುಡ್ಡಿಗೆ ಲ್ಯಾಪ್‌ಟಾಪ್ ತಗೊಳ್ಳಿ. ಟ್ಯಾಬ್ ಮಾರುವವರು ಇದನ್ನು ಹೇಳುವುದಿಲ್ಲ.

*ಚಿತ್ರ ಬಿಡಿಸುವವರಿಗೆ.* ಐಪ್ಯಾಡ್ ಏರ್ ಮತ್ತು ಪೆನ್ಸಿಲ್ ಪ್ರೊ, ಇಲ್ಲವೇ ಸ್ಯಾಮ್‌ಸಂಗ್ ಎಸ್ ಸರಣಿ. ಎಂ3 ಚಿಪ್ಪಿನ 11 ಇಂಚಿನ ಏರ್ 59,900ಕ್ಕೆ ಬಂದಿತ್ತು, ಪೆನ್ಸಿಲ್ ಪ್ರೊ 11,900. ಕಲಿಯಲು ಶುರು ಮಾಡುತ್ತಿರುವವರಿಗೆ ಎಸ್ ಪೆನ್ ಬರುವ ಕಡಿಮೆ ಬೆಲೆಯ ಟ್ಯಾಬೇ ಸಾಕು. ಕೈ ಪಳಗಲಿ, ಆಮೇಲೆ ನೋಡೋಣ.

ಎಷ್ಟು ವರ್ಷ ಬಾಳುತ್ತದೆ

ಟ್ಯಾಬ್ ಹಾಳಾಗುವುದು ಕಡಿಮೆ, ಹಳತಾಗುವುದು ಜಾಸ್ತಿ. ಅಪ್‌ಡೇಟ್ ನಿಂತ ಮೇಲೆ ಒಂದೊಂದೇ ಆ್ಯಪ್ ಕೈಕೊಡುತ್ತದೆ, ಬ್ಯಾಂಕಿನವು ಮೊದಲು. 2019ರಲ್ಲಿ ಬಂದ 7ನೇ ತಲೆಮಾರಿನ ಐಪ್ಯಾಡ್‌ಗೆ ಹೊಸ ಆವೃತ್ತಿ ನಿಂತದ್ದು 2025ರಲ್ಲಿ. ಆರು ವರ್ಷ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಆಯಾ ಮಾದರಿಯ ಪುಟದಲ್ಲಿ ‘ಭದ್ರತಾ ಅಪ್‌ಡೇಟ್ ಎಷ್ಟು ವರ್ಷ’ ಅಂತ ಬರೆದಿದೆಯಾ ನೋಡಿ. ಏನೂ ಬರೆದಿಲ್ಲ ಅಂದರೆ ಎರಡು ವರ್ಷ ಅಂತ ತಿಳಿದು ಬೆಲೆ ಕಟ್ಟಿ. 30 ಸಾವಿರದ್ದು ಆರು ವರ್ಷ ಬಂದರೆ ವರ್ಷಕ್ಕೆ 5 ಸಾವಿರ. 12 ಸಾವಿರದ್ದು ಎರಡೇ ವರ್ಷ ಬಂದರೆ ವರ್ಷಕ್ಕೆ 6 ಸಾವಿರ. ಅಗ್ಗ ಯಾವುದು ಹೇಳಿ?

ಸರ್ವಿಸ್ ಸೆಂಟರ್ ಎಲ್ಲಿದೆ ಅನ್ನುವುದನ್ನೂ ಮೊದಲೇ ಹುಡುಕಿ. ನಮಗೆ ಶಿವಮೊಗ್ಗ 70 ಕಿ.ಮೀ. ಹೋಗಿ ಕೊಟ್ಟು ಬರಲು ಒಂದು ದಿನ, ತರಲು ಇನ್ನೊಂದು ದಿನ. ಅಲ್ಲೂ ಸೆಂಟರ್ ಇಲ್ಲದ ಬ್ರ್ಯಾಂಡ್ ಆದರೆ ಬೆಂಗಳೂರಿಗೆ ಪಾರ್ಸೆಲ್.

ದುಡ್ಡು ಕೊಡುವಾಗ

ಸ್ವಾತಂತ್ರ್ಯ ದಿನ, ದಸರಾ-ದೀಪಾವಳಿ, ಗಣರಾಜ್ಯೋತ್ಸವದ ಹೊತ್ತಿಗೆ ಆನ್‌ಲೈನ್ ಮಾರಾಟದಲ್ಲಿ ಬೆಲೆ ಇಳಿಯುತ್ತದೆ. ಅವಸರ ಇಲ್ಲದಿದ್ದರೆ ಕಾಯಿರಿ. ಪಿಯುಸಿ ಕ್ಲಾಸ್ ಜೂನ್‌ನಲ್ಲಿ ಶುರುವಾದರೆ ಅಕ್ಟೋಬರ್‌ವರೆಗೆ ಕಾಯಲು ಹೋಗಬೇಡಿ, ಮತ್ತೆ.

‘ನೋ ಕಾಸ್ಟ್ ಇಎಂಐ’ ಪೂರ್ತಿ ಪುಕ್ಕಟೆಯಲ್ಲ. ಬಡ್ಡಿಯಷ್ಟನ್ನು ಬೆಲೆಯಲ್ಲಿ ಕಡಿತ ಮಾಡಿರುತ್ತಾರೆ, ಸರಿ. ಆದರೆ ಆ ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ನಿಮ್ಮ ತಲೆಗೇ ಬರುತ್ತದೆ. 30 ಸಾವಿರಕ್ಕೆ ಆರು ತಿಂಗಳ ಬಡ್ಡಿ 1,400 ಆದರೆ ಜಿಎಸ್‌ಟಿ 250 ರೂಪಾಯಿ. ಮೇಲೆ ಬ್ಯಾಂಕಿನ ಪ್ರೊಸೆಸಿಂಗ್ ಫೀ. ದೊಡ್ಡ ಮೊತ್ತವಲ್ಲ, ಗೊತ್ತಿರಲಿ ಅಷ್ಟೇ.

ಹೆಸರೇ ಕೇಳದ ಬ್ರ್ಯಾಂಡಿನ ಟ್ಯಾಬ್ 5 ಸಾವಿರಕ್ಕೆ ಅಂತ ಕಂಡರೆ ಬಿಐಎಸ್ (ಸರಕಿನ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ) ನೋಂದಣಿ ಸಂಖ್ಯೆ ನೋಡಿ. ಆರ್ ಅಕ್ಷರದಿಂದ ಶುರುವಾಗುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಬರುತ್ತದೆ. ಬರದಿದ್ದರೆ ಆಸೆ ಬಿಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಪಕ್ಕದ ಮನೆಯವರಿಂದಾಗಲಿ, ಮಾರುವವರ ಎದುರಿಗೇ ಹಳೆ ಖಾತೆಯನ್ನು ಟ್ಯಾಬಿನಿಂದ ತೆಗೆಸಿ, ರೀಸೆಟ್ ಮಾಡಿಸಿ, ನಿಮ್ಮ ಖಾತೆ ಹಾಕಿ ತೆರೆದು ನೋಡಿ. ಖಾತೆ ತೆಗೆಯದೆ ರೀಸೆಟ್ ಮಾಡಿದ ಐಪ್ಯಾಡ್ ಮೂಲ ಒಡೆಯರ ಪಾಸ್‌ವರ್ಡ್ ಇಲ್ಲದೆ ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಸಿಮ್ ಇರುವ ಟ್ಯಾಬ್ ಆದರೆ ಐಎಂಇಐ ಎಂಬ ಅದರ ಗುರುತು ಸಂಖ್ಯೆ ನೋಡಿಕೊಂಡು, ಕೆವೈಎಂ ಅಂತ ಇಂಗ್ಲಿಷಿನಲ್ಲಿ ಬರೆದು ಜಾಗ ಬಿಟ್ಟು ಆ 15 ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಕದ್ದದ್ದು ಅಂತ ತಡೆಹಿಡಿದಿದ್ದರೆ ಗೊತ್ತಾಗುತ್ತದೆ.

ಮನೆಗೆ ಬಂದ ದಿನ

ಆನ್‌ಲೈನಿನಲ್ಲಿ ತರಿಸಿದ್ದರೆ ಡಬ್ಬ ಒಡೆಯುವುದನ್ನು ಫೋನಿನಲ್ಲಿ ವಿಡಿಯೊ ಮಾಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇದ್ದರೆ ಡಬ್ಬದ ಮೇಲಿನದಕ್ಕೆ ಹೊಂದುತ್ತದಾ ನೋಡಿ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ತೆರೆದು ಪರದೆಯಲ್ಲಿ ಸತ್ತ ಚುಕ್ಕಿ ಇದೆಯಾ ಹುಡುಕಿ. ಕ್ಯಾಮೆರಾ, ಮೈಕ್, ಎರಡೂ ಸ್ಪೀಕರ್, ಚಾರ್ಜಿಂಗ್ ಎಲ್ಲ ಅದೇ ಸಂಜೆ ಮುಗಿಸಿ. ಬದಲಾಯಿಸಿ ಕೊಡುವ ಅವಧಿ ಕೆಲವು ಕಡೆ ಒಂದು ವಾರವೂ ಇರುವುದಿಲ್ಲ. ಕೊನೆಗೆ ಆ ಜೆರಾಕ್ಸ್ ಕಾಪಿಯನ್ನು ತಂದು, ಅದೇ ಪುಟವನ್ನು ಟ್ಯಾಬಿನಲ್ಲಿ ತೆರೆದು ಪಕ್ಕದಲ್ಲಿಟ್ಟು ನೋಡಿ. ನಮ್ಮ ಮನೆಯಲ್ಲಿ ಎರಡೂ ಸಾಲಿಗೆ ಸಾಲು ಸರಿಯಾಗಿ ಹೊಂದಿದವು. ‘ರಾಷ್ಟ್ರ’ದ ಒತ್ತುಗಳು ಕಾಗದಕ್ಕಿಂತ ಟ್ಯಾಬಿನಲ್ಲೇ ಚೂಪಾಗಿ ಕಂಡವು, ಜೆರಾಕ್ಸ್ ಮಷೀನಿನ ಇಂಕು ಮುಗಿಯುತ್ತಾ ಬಂದಿತ್ತು ಅಂತ ಕಾಣುತ್ತದೆ.